ಹಿಡಿದು ಬಿಡುವ ಮೀನು ಮತ್ತು ಅಹಿಂಸಾಣುವ್ರತ

ಹಿಡಿದ ಮೀನನ್ನು ಕೊಲ್ಲದೆ, ತಿನ್ನದೆ, ಮರಳಿ ನೀರಿಗೆ ಬಿಟ್ಟವನು ಹಿಂಸೆ ಮಾಡಿದನೇ? ಇಂದಿನ ಶ್ರಾವಕ ಕುಟುಂಬಗಳಿಗೆ ಇದು ಕೇವಲ ತರ್ಕದ ಪ್ರಶ್ನೆಯಲ್ಲ. ಉದ್ಯೋಗಕ್ಕಾಗಿ ಪರದೇಶಕ್ಕೆ ತೆರಳಿದ ತರುಣರನ್ನು ಸಹೋದ್ಯೋಗಿಗಳು ಟ್ರೌಟ್ ಮೀನಿನ ಹೊಳೆಗಳಿಗೆ ಕರೆಯುತ್ತಾರೆ. ಅಲ್ಲಿ ಮಾರ್ಗದರ್ಶಕನು ದಾರ ಬೀಸುವ, ನೀರಿನ ಸೆಳೆತವನ್ನು ಅರಿಯುವ ವಿದ್ಯೆಯನ್ನು ಕಲಿಸುತ್ತಾನೆ. ಗಾಳಕ್ಕೆ ಎರೆಹುಳುವನ್ನು ಚುಚ್ಚುವುದಿಲ್ಲ. ಗರಿ, ನೂಲುಗಳಿಂದ ಕಟ್ಟಿದ ಕೃತಕ ನೊಣವೇ ಸಾಕು. ಮೀನನ್ನು ಒದ್ದೆ ಕೈಯಿಂದ ಹಿಡಿದು ಬೇಗನೆ ಬಿಡಬೇಕೆಂಬ ನಿಯಮವೂ ಉಂಟು. ಇಷ್ಟು ಎಚ್ಚರವಿರುವಲ್ಲಿ ದೋಷವೆಲ್ಲಿ ಎಂದು ತರುಣರು ಕೇಳಿದರೆ, ಹಿರಿಯರು ಗದರಿಸಿ ಸುಮ್ಮನಾಗುವುದು ಉತ್ತರವಲ್ಲ.

ಈ ಪ್ರಶ್ನೆ ನಮ್ಮ ತೆಂಗಿನ ಸೀಮೆಗೆ ದೂರದ್ದೂ ಅಲ್ಲ. ತುರುವೇಕೆರೆಯ ಕಡೆಯ ನೀರನ್ನು ಕೂಡಿಸಿಕೊಂಡು ಮಾರ್ಕೋನಹಳ್ಳಿ ಜಲಾಶಯವನ್ನು ದಾಟುವ ಶಿಂಷಾ ನದಿಯು ಶಿವನಸಮುದ್ರದ ಕೆಳಗೆ ಕಾವೇರಿಯನ್ನು ಸೇರುತ್ತದೆ. ಅಲ್ಲಿಂದ ಕೆಳಗೆ ಭೀಮೇಶ್ವರಿ, ದೊಡ್ಡಮಾಕಳಿ, ಗಾಳಿಬೋರೆಗಳಲ್ಲಿ ಅನೇಕ ವರ್ಷ ದೇಶವಿದೇಶಗಳ ಹವ್ಯಾಸಿಗಳು ಮಹಶೀರ್ ಮೀನನ್ನು ಹಿಡಿದು ಬಿಡುತ್ತಿದ್ದರು. ಹೊಳೆಯ ಮಡುಗಳನ್ನು ಬಲ್ಲ ಸ್ಥಳೀಯರೇ ಅವರಿಗೆ ಮಾರ್ಗದರ್ಶಕರು. ರಾಗಿ ಹಿಟ್ಟಿನ ಉಂಡೆಯೇ ಅಲ್ಲಿನ ಪ್ರಸಿದ್ಧ ಎರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಜೀವಿಯನ್ನು ಸೆರೆಹಿಡಿಯುವುದನ್ನೂ ಬೇಟೆಯ ಅರ್ಥದಲ್ಲಿಯೇ ಸೇರಿಸಿರುವುದರಿಂದ, 2010ರ ದಶಕದ ಆರಂಭದಲ್ಲಿ ಕಾವೇರಿ ವನ್ಯಜೀವಿಧಾಮದೊಳಗೆ ಈ ವಿನೋದಕ್ಕೆ ತಡೆ ಬಿದ್ದಿತು.

ಹವ್ಯಾಸಿಗಳ ವಾದವನ್ನು ನ್ಯಾಯವಾಗಿ ಕೇಳಬೇಕು. ತಮ್ಮ ಶಿಬಿರಗಳಿದ್ದಾಗ ಸ್ಥಳೀಯರಿಗೆ ಸಂಬಳವಿತ್ತು, ನದಿಗೆ ಕಾವಲಿತ್ತು, ಸಿಡಿಮದ್ದು ಹಾಕಿ ಮೀನು ಕೊಲ್ಲುವವರಿಗೆ ಅಂಜಿಕೆಯಿತ್ತು ಎಂಬುದು ಅವರ ಮಾತು. ಕಾವೇರಿಯ ಗೂನುಬೆನ್ನಿನ ಮಹಶೀರ್ ‘ಟಾರ್ ರೆಮಾದೇವಿ’ ಎಂಬ ಪ್ರಭೇದವೆಂದು ಗುರುತಿಸಲ್ಪಟ್ಟದ್ದೂ, ಅಳಿವಿನ ತೀವ್ರ ಅಪಾಯದಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಗೆ ಸೇರಿದ್ದೂ 2018ರಲ್ಲಿ. ಆದುದರಿಂದ ಈ ವಾದವನ್ನು ಕೇವಲ ನೆಪವೆಂದು ತಳ್ಳಲಾಗದು.

ಆದರೂ ಕ್ರಿಯೆಯನ್ನು ಅದರ ಸ್ವರೂಪದಲ್ಲಿಯೇ ಪರೀಕ್ಷಿಸಬೇಕು. ಮೀನು ಪಂಚೇಂದ್ರಿಯ ಜೀವ. ರೇನ್‌ಬೋ ಟ್ರೌಟ್ ಮೀನಿನ ತಲೆಯ ಭಾಗದಲ್ಲಿ ನೋವನ್ನುಂಟುಮಾಡುವ ಪ್ರಚೋದನೆಗಳನ್ನು ಗ್ರಹಿಸುವ ನರಗಳಿರುವುದನ್ನು 2003ರಲ್ಲಿ ಸ್ಕಾಟ್‌ಲೆಂಡಿನ ವಿಜ್ಞಾನಿಗಳು ತೋರಿಸಿದರು. ಅಹಿಂಸಾಣುವ್ರತದ ಅತಿಚಾರಗಳಲ್ಲಿ ವಧವಷ್ಟೇ ಅಲ್ಲ, ಬಂಧ, ಛೇದಗಳೂ ಸೇರಿವೆ. ಪ್ರಾಣ ಉಳಿಯಿತೆಂಬ ಮಾತ್ರಕ್ಕೆ ಕಟ್ಟಿದ್ದು, ಚುಚ್ಚಿದ್ದು ಇಲ್ಲವಾಗುವುದಿಲ್ಲ. ಕೃತಕ ನೊಣವು ಎರೆಹುಳುವನ್ನು ಉಳಿಸಿತು, ನಿಜ. ಆದರೆ ಅದು ಆಹಾರದ ವೇಷ ತೊಟ್ಟ ಮಾಯೆ. ಕಾವೇರಿಯ ದಡದ ರಾಮನಾಥಪುರದಲ್ಲಿ ಭಕ್ತರು ಆಹಾರ ಹಾಕಿದರೆ ಮೀನುಗಳು ನಿರ್ಭಯವಾಗಿ ಮೇಲೇಳುತ್ತವೆ. ಅದೇ ನದಿಯ ಕೆಳಪಾತ್ರದಲ್ಲಿ ರಾಗಿಯುಂಡೆಯೊಳಗೆ ಉಕ್ಕು ಅಡಗಿತ್ತು. ಎರಡೂ ಕಡೆ ಕೊಟ್ಟದ್ದು ತಿನಿಸೇ. ಭಾವ ಮಾತ್ರ ಬೇರೆ.

ಗಾಳವೆಂಬುದು ತಿಪಟೂರು, ಚಿಕ್ಕನಾಯಕನಹಳ್ಳಿಯ ತೋಟಗಳಿಗೂ ಹೊಸದಲ್ಲ. ತೆಂಗಿನ ಸುಳಿಯನ್ನು ಕೊರೆಯುವ ಕೊಂಬಿನ ದುಂಬಿಯನ್ನು ರೈತನು ಕಬ್ಬಿಣದ ಕೊಕ್ಕೆಯಿಂದ ಎಳೆದು ತೆಗೆಯುತ್ತಾನೆ. ಅದೂ ಹಿಂಸೆಯೇ; ಆದರೆ ಜೀವನೋಪಾಯದಲ್ಲಿ ಒದಗುವ ಉದ್ಯೋಗೀ ಹಿಂಸೆ. ದುಂಬಿಯೇ ಬಾರದಿದ್ದರೆ ರೈತನಿಗೆ ಸಂತೋಷ. ಹವ್ಯಾಸಿಗೆ ಹಾಗಲ್ಲ, ಮೀನು ಸಿಕ್ಕದಿದ್ದರೆ ಅವನ ದಿನ ವ್ಯರ್ಥ. ಅವನದು ಸಂಕಲ್ಪೀ ಹಿಂಸೆ. ‘ನಾನು ತಿನ್ನುವುದಿಲ್ಲ’ ಎಂಬ ಸಮರ್ಥನೆಯು ಅವನ ಹೊರೆಯನ್ನು ಇಳಿಸುವುದಿಲ್ಲ, ಹೆಚ್ಚಿಸುತ್ತದೆ. ಕೆರೆಯ ಬೆಸ್ತನಿಗೆ ಹೊಟ್ಟೆಯ ಕಾರಣವಾದರೂ ಇದೆ. ಇಲ್ಲಿ ಅದೂ ಇಲ್ಲ. ಪ್ರಯೋಜನವಿಲ್ಲದ ಇಂಥ ಪೀಡೆಯನ್ನೇ ನಮ್ಮ ಆಚಾರಶಾಸ್ತ್ರವು ಅನರ್ಥದಂಡವೆಂದು ಕರೆದಿದೆ. ಬಿಡುವ ಉದ್ದೇಶದಿಂದಲೇ ಮೀನು ಹಿಡಿಯಬಾರದೆಂದು ಸ್ವಿಟ್ಜರ್‌ಲೆಂಡಿನ 2008ರ ಪ್ರಾಣಿರಕ್ಷಣಾ ನಿಯಮಾವಳಿಯೂ ವಿಧಿಸಿರುವುದು ಗಮನಾರ್ಹ.

ಇಲ್ಲೊಂದು ಆಕ್ಷೇಪ ಏಳಬಹುದು. ಮೃಗಸೇನ ಧೀವರನ ಕಥೆ ಮೀನು ಬಿಟ್ಟವನ ಕಥೆಯೇ ಅಲ್ಲವೇ? ಇಪ್ಪತ್ತನೆಯ ಶತಮಾನದಲ್ಲಿ ಆಚಾರ್ಯ ಜ್ಞಾನಸಾಗರರು ‘ದಯೋದಯ ಚಂಪೂ’ ಕಾವ್ಯಕ್ಕೆ ಆರಿಸಿಕೊಂಡ ವಸ್ತು ಇದೇ. ಬಲೆಗೆ ಮೊದಲು ಬಿದ್ದ ಮೀನನ್ನು ಕೊಲ್ಲುವುದಿಲ್ಲವೆಂದು ಮುನಿಗಳ ಬಳಿ ವ್ರತ ಹೊತ್ತ ಬೆಸ್ತನು ಅದಕ್ಕೆ ಗುರುತು ಕಟ್ಟಿ ಬಿಡುತ್ತಾನೆ. ಅದೇ ಮೀನು ಮತ್ತೆ ಮತ್ತೆ ಬಲೆಗೆ ಬೀಳುತ್ತದೆ. ಐದು ಬಾರಿಯೂ ಬಿಟ್ಟು ಬರಿಗೈಯಲ್ಲಿ ಮನೆಗೆ ಮರಳಿದವನಿಗೆ ಹೆಂಡತಿ ಬಾಗಿಲು ತೆರೆಯುವುದಿಲ್ಲ. ಅವನ ಬಿಡುಗಡೆಗೆ ಬೆಲೆಯಿತ್ತು; ಅಂದಿನ ಅನ್ನವನ್ನೇ ಅವನು ಬಿಟ್ಟನು. ಹವ್ಯಾಸಿಯು ತನಗೆ ಬೇಕಾದ ಸುಖವನ್ನೆಲ್ಲ ಪಡೆದ ಮೇಲೆ ಬೇಡವಾದುದನ್ನು ಬಿಡುತ್ತಾನೆ. ಒಂದು ತ್ಯಾಗ, ಇನ್ನೊಂದು ಆಟದ ಕೊನೆ.

ಮಾರ್ಗದರ್ಶಕನ ವಿಷಯವೂ ಯೋಚಿಸತಕ್ಕದ್ದು. ಕೃತ, ಕಾರಿತ, ಅನುಮೋದನಗಳೆಂಬ ಮೂರು ದಾರಿಗಳಿಂದಲೂ ಕರ್ಮ ಬರುವುದರಿಂದ, ತಾನು ಗಾಳ ಮುಟ್ಟದೆ ಹಣ ಕೊಟ್ಟು ಹಿಡಿಸುವವನೂ, ದಡದಲ್ಲಿ ನಿಂತು ಚಪ್ಪಾಳೆ ತಟ್ಟುವವನೂ ಹೊರಗುಳಿಯುವುದಿಲ್ಲ. ಬಡತನದಿಂದ ಕೂಲಿಗೆ ನಿಂತ ಮಾರ್ಗದರ್ಶಕನಿಗಿಂತ ಅವನನ್ನು ಗೊತ್ತುಮಾಡಿಕೊಂಡ ಉಳ್ಳವನ ಹೊಣೆ ಹಿರಿದು.

ಆದರೆ ಗಾಳ ಹಿಡಿಯದವನ ಕೈ ಖಾಲಿ ಇದ್ದ ಮಾತ್ರಕ್ಕೆ ಅದು ದಯೆಯ ಕೈಯಾಗುವುದಿಲ್ಲ. ಹವ್ಯಾಸಿಯು ತನ್ನ ಸುಖಕ್ಕಾಗಿಯಾದರೂ ಮೀನಿನ ಮಡು, ಮೊಟ್ಟೆಯಿಡುವ ಕಾಲ, ನೀರಿನ ಆರೋಗ್ಯಗಳನ್ನು ಅರಿತಿದ್ದಾನೆ. ಅಹಿಂಸೆಯನ್ನು ಕುಲಧರ್ಮವೆನ್ನುವವರು ತಮ್ಮ ಊರಿನ ಕೆರೆಯನ್ನು ಅಷ್ಟಾದರೂ ನೋಡಿದ್ದಾರೆಯೇ? ಪರ್ಯುಷಣದಲ್ಲಿ ಜೀವದಯೆಯ ಹುಂಡಿ ತುಂಬಿಸುವ ಬಸದಿಯ ಟ್ರಸ್ಟುಗಳು ಅದರ ಒಂದು ಪಾಲನ್ನು ಹೊಳೆಯ ಕಾವಲಿಗೆ, ಗಾಳವಿಲ್ಲದೆ ನದಿಯನ್ನು ತೋರಿಸಬಲ್ಲ ಸ್ಥಳೀಯರ ಸಂಬಳಕ್ಕೆ ತೆಗೆದಿಟ್ಟರೆ ಹವ್ಯಾಸಿಗಳ ವಾದಕ್ಕೆ ನಿಜವಾದ ಉತ್ತರ ಸಿಗುತ್ತದೆ. ತರುಣರಿಗೆ ಬೇಡವೆಂದು ಹೇಳುವ ಅಧಿಕಾರವೂ ಆಗಲೇ ಹಿರಿಯರಿಗೆ ಬರುತ್ತದೆ.