ಸರಿಯುತ್ತರ ಬಂದರೆ ಸಾಕೇ?

ಲೆಕ್ಕದ ಹಂತಗಳೆಲ್ಲ ತಪ್ಪಾಗಿದ್ದು ಉತ್ತರ ಮಾತ್ರ ಸರಿ ಬಂದಿದ್ದರೆ ಅಂಕ ಕೊಡಬೇಕೇ ಎಂಬುದು ಶಾಲೆಯ ಹಳೆಯ ಜಗಳ. ಈಗ ಅದು ನನಗೆ ಎದುರಾಗುತ್ತಿರುವುದು ಕಾರ್ ರೇಸಿಂಗ್ ಸಿಮ್ಯುಲೇಟರಿನ ಟೈರುಗಳಲ್ಲಿ.

ಬಿಡುವಿದ್ದಾಗ ನಾನು ಅಸೆಟ್ಟೊ ಕೋರ್ಸಾ ಎಂಬ ಇಟಲಿಯ ಸಿಮ್ಯುಲೇಟರಿಗೆ ಕಾರುಗಳನ್ನು ಹೊಂದಿಸುತ್ತೇನೆ. ಅದರಲ್ಲಿ ಟೈರಿನ ಗುಣವೆಲ್ಲ ಒಂದು ಸಾದಾ ಫೈಲಿನಲ್ಲಿ ಅಂಕಿಗಳಾಗಿರುತ್ತದೆ: ಹಿಡಿತ ಎಷ್ಟು, ಯಾವ ಕೋನದಲ್ಲಿ ಅದು ಗರಿಷ್ಠ, ಎಷ್ಟು ಬಿಸಿಯಾದರೆ ಚೆನ್ನ, ಎಷ್ಟು ಬೇಗ ಸವೆಯುತ್ತದೆ. ಒಂದು ಅಂಕಿ ತಿದ್ದಿದರೆ ಕಾರಿನ ಸ್ವಭಾವವೇ ಬದಲಾಗಬಹುದು.

ಕಾರು ನೆಲವನ್ನು ಮುಟ್ಟುವುದು ಅಂಗೈಯಗಲದ ನಾಲ್ಕು ರಬ್ಬರಿನ ತುಂಡುಗಳಿಂದ. ತಿರುವಿನಲ್ಲಿ ಚಕ್ರ ಮುಖ ಮಾಡಿದ ದಿಕ್ಕಿಗೂ ಅದು ನಿಜವಾಗಿ ಸಾಗುವ ದಿಕ್ಕಿಗೂ ಸ್ವಲ್ಪ ಅಂತರವಿರುತ್ತದೆ. ಇದಕ್ಕೆ ಸ್ಲಿಪ್ ಆಂಗಲ್ ಎನ್ನುತ್ತಾರೆ. ಈ ಕೋನ ಹೆಚ್ಚಿದಂತೆ ಕಾರನ್ನು ತಿರುಗಿಸುವ ಬಲ ಏರುತ್ತದೆ, ಕೆಲವೇ ಡಿಗ್ರಿಗಳಲ್ಲಿ ತುದಿ ಮುಟ್ಟುತ್ತದೆ, ಆಮೇಲೆ ಇಳಿಯುತ್ತದೆ. ಶಾಲೆಯಲ್ಲಿ ಕಲಿತ ಘರ್ಷಣೆಯ ನಿಯಮವೂ ಇಲ್ಲಿ ಪೂರ್ತಿ ನಡೆಯದು. ಟೈರಿನ ಮೇಲಿನ ಭಾರ ಎರಡು ಪಟ್ಟಾದರೆ ಹಿಡಿತ ಎರಡು ಪಟ್ಟಾಗುವುದಿಲ್ಲ, ಅದಕ್ಕಿಂತ ಕಡಿಮೆಯೇ ಇರುತ್ತದೆ.

ಈ ಏರಿಳಿತವನ್ನು ಸೂತ್ರಕ್ಕೆ ತಂದವರಲ್ಲಿ ಮುಖ್ಯರು ನೆದರ್‌ಲೆಂಡ್ಸ್‌ನ ಡೆಲ್ಫ್ಟ್ ವಿಶ್ವವಿದ್ಯಾಲಯದ ಹಾನ್ಸ್ ಪಚೇಕಾ. 1987ರಲ್ಲಿ ಅವರೂ ಸಂಗಡಿಗರೂ ಪ್ರಕಟಿಸಿದ ಸೂತ್ರಕ್ಕೆ ಮುಂದೆ ‘ಮ್ಯಾಜಿಕ್ ಫಾರ್ಮುಲಾ’ ಎಂದೇ ಹೆಸರಾಯಿತು. ರಬ್ಬರಿನ ಅಣುಗಳಿಂದ ಹೊರಟು ಪಡೆದ ಸೂತ್ರವಲ್ಲ ಅದು. ಯಂತ್ರದ ಮೇಲೆ ಟೈರನ್ನು ಓಡಿಸಿ ಅಳೆದಾಗ ಬರುವ ರೇಖೆಯ ಆಕಾರಕ್ಕೆ ಸೈನ್, ಆರ್ಕ್‌ಟ್ಯಾನ್‌ಗಳನ್ನು ಕೂಡಿಸಿ, ಕೆಲವು ಗುಣಾಂಕಗಳಿಂದ ಹೊಂದಿಸಿದ್ದು. ಏಕೆ ಹೀಗೆ ಎಂದು ಅದು ಹೇಳುವುದಿಲ್ಲ, ಹೀಗಿದೆ ಎಂದಷ್ಟೇ ಹೇಳುತ್ತದೆ.

ಇನ್ನು ನನ್ನಂಥವರ ಕೆಲಸ ನೋಡಿ. ನಿಜವಾದ ಕಾರೊಂದು ಒಂದು ಟ್ರ್ಯಾಕಿನಲ್ಲಿ ತೆಗೆದುಕೊಂಡ ಲ್ಯಾಪ್ ಟೈಮ್ ಗೊತ್ತಿರುತ್ತದೆ. ಸಿಮ್ಯುಲೇಟರಿನಲ್ಲೂ ಅದೇ ಸಮಯ ಬಂದರೆ ಟೈರ್ ಸರಿಯಾಯಿತು ಎನ್ನಬೇಕೆನಿಸುತ್ತದೆ. ಆದರೆ ಟೈರಿಗೆ ಹಿಡಿತ ತುಸು ಹೆಚ್ಚು ಕೊಟ್ಟು, ಗಾಳಿಯ ತಡೆಯನ್ನೂ ತುಸು ಹೆಚ್ಚಿಸಿದರೂ ಅದೇ ಸಮಯ ಬರಬಹುದು. ತಿರುವಿನಲ್ಲಿ ಗಳಿಸಿದ್ದನ್ನು ಕಾರು ನೇರ ದಾರಿಯಲ್ಲಿ ಕಳೆದುಕೊಳ್ಳುತ್ತದೆ. ಎರಡು ತಪ್ಪುಗಳು ಸೇರಿ ಒಂದು ಸರಿಯುತ್ತರ!

ಹನ್ನೆರಡನೆಯ ಶತಮಾನದ ಶ್ರೀಹರ್ಷ ‘ಖಂಡನಖಂಡಖಾದ್ಯ’ದಲ್ಲಿ ಇಂಥದೇ ಪ್ರಶ್ನೆ ಎತ್ತಿದ್ದಾನೆ. ಒಬ್ಬ ಮುಷ್ಟಿಯಲ್ಲಿ ಐದು ಕವಡೆ ಹಿಡಿದು ಎಷ್ಟಿವೆ ಎಂದು ಕೇಳುತ್ತಾನೆ. ಇನ್ನೊಬ್ಬ ಸುಮ್ಮನೆ ‘ಐದು’ ಎನ್ನುತ್ತಾನೆ. ಮಾತು ನಿಜ, ಆದರೆ ಅದನ್ನು ಅರಿವು ಎನ್ನಲಾದೀತೇ?

ಹಾಗಾದರೆ ಕಾರಣ ಹೇಳದ ಪಚೇಕಾ ಸೂತ್ರವೂ ಕವಡೆಯ ಊಹೆಯೇ? ಅಲ್ಲವೆಂದು ನನಗನ್ನಿಸುತ್ತದೆ. ಊಹಿಸಿದವನು ಏನನ್ನೂ ನೋಡಿರಲಿಲ್ಲ. ಸೂತ್ರದ ಹಿಂದೆ ಅಳತೆಯಿದೆ, ಆ ಅಳತೆ ಎಲ್ಲಿಂದ ಎಲ್ಲಿಯವರೆಗೆ ಎಂಬ ಗಡಿಯೂ ಇದೆ. ತೊಂದರೆ ಶುರುವಾಗುವುದು ಗಡಿಯಾಚೆ. ಕಾರು ಅಡ್ಡ ತಿರುಗಿ ಜಾರುವಾಗ ಟೈರಿನ ಕೋನ ಅಳತೆಯ ವ್ಯಾಪ್ತಿಯನ್ನು ಎಂದೋ ದಾಟಿರುತ್ತದೆ. ಆದರೂ ಸೂತ್ರ ತಡವರಿಸದೆ, ಅದೇ ಗಟ್ಟಿ ದನಿಯಲ್ಲಿ ಒಂದು ಅಂಕಿ ಕೊಡುತ್ತದೆ. ತುದಿ ದಾಟಿದ ಕೂಡಲೇ ಹಿಡಿತ ನಿಜಕ್ಕಿಂತ ಹೆಚ್ಚು ಕುಸಿಯುತ್ತದೆ ಎಂದು ಹಲವು ಸಿಮ್ಯುಲೇಟರುಗಳ ಮೇಲೆ ದೂರಿದೆ. ಇಂಥ ಕಾರನ್ನು ಹತೋಟಿಗೆ ತರುವುದು ಕಷ್ಟ. ಕಷ್ಟವಾದದ್ದರಿಂದಲೇ ಅದು ನಿಜವಿರಬೇಕು ಎಂದು ನಂಬುವ ಆಟಗಾರರಿಗೂ ಕೊರತೆಯಿಲ್ಲ. ಕಹಿಯಾದದ್ದೆಲ್ಲ ಔಷಧಿ ಎಂದುಕೊಂಡ ಹಾಗೆ.

ಆಟಕ್ಕೆ ಇಷ್ಟೆಲ್ಲ ಯಾಕೆ ಎಂದು ಕೇಳಬಹುದು. ಆಟದಿಂದ ನಿಜವಾದ ಟ್ರ್ಯಾಕಿಗೆ ಹೋದವರಿದ್ದಾರೆ. 2011ರಲ್ಲಿ ಜಿಟಿ ಅಕಾಡೆಮಿ ಗೆದ್ದ ಬ್ರಿಟನ್ನಿನ ಯಾನ್ ಮಾರ್ಡೆನ್‌ಬರೋ, ಗ್ರ್ಯಾನ್ ಟುರಿಸ್ಮೊ ಆಡುತ್ತಿದ್ದವರು, 2013ರಲ್ಲಿ ಲ ಮಾನ್ಸ್ ರೇಸಿನಲ್ಲಿ ಓಡಿಸಿದರು. ಸ್ಟೀರಿಂಗ್ ಎಷ್ಟು ತಿರುಗಿಸಬೇಕು, ಯಾವಾಗ ಬಿಡಬೇಕು ಎಂಬುದನ್ನು ಕಲಿಯುವುದು ಕೈ. ನಾನು ಬರೆದ ಅಂಕಿ ಇನ್ನೊಬ್ಬರ ಕೈಯಲ್ಲಿ ಅಭ್ಯಾಸವಾಗಿ ಕೂರುತ್ತದೆ. ಕಾರು ಜಾರಿದ ಗಳಿಗೆಯಲ್ಲಿ ಆ ಕೈ ಯೋಚಿಸುವುದಿಲ್ಲ, ಕಲಿತದ್ದನ್ನು ಮಾಡುತ್ತದೆ. ಅದಕ್ಕೇ ಸರಿಯುತ್ತರವನ್ನು ಹೇಗೆ ತಂದೆ ಎಂಬುದಕ್ಕೆ ನಾನು ಹೊಣೆ.

ಹಾಗಾಗಿ ನಾನೊಂದು ರೂಢಿ ಇಟ್ಟುಕೊಂಡಿದ್ದೇನೆ. ಗೊತ್ತಿರುವ ಅಳತೆಗಳನ್ನೆಲ್ಲ ಹೊಂದಿಸಲು ಬಳಸದೆ ಒಂದಷ್ಟನ್ನು ಬದಿಗಿಡುತ್ತೇನೆ: ಒಂದು ತಿರುವಿನ ವೇಗ, ಇನ್ನೊಂದು ಟ್ರ್ಯಾಕಿನ ಸಮಯ, ಟ್ಯಾಂಕ್ ತುಂಬಿದಾಗಿನ ಓಟ. ಕೆಲಸ ಮುಗಿದ ಮೇಲೆ ಅವುಗಳ ಮುಂದೆ ಟೈರನ್ನು ನಿಲ್ಲಿಸುತ್ತೇನೆ. ಅಲ್ಲಿ ಹೊಂದದಿದ್ದರೆ ಆ ಒಂದು ಉತ್ತರವನ್ನಷ್ಟೇ ತಿದ್ದಿ ಸರಿ ಮಾಡುವ ಆಸೆ ಬಲವಾಗಿಯೇ ಬರುತ್ತದೆ. ಹಾಗೆ ಮಾಡದೆ ಮೊದಲ ಅಂಕಿಯಿಂದ ಮತ್ತೆ ಶುರುಮಾಡುವುದು ಬೇಸರದ ಕೆಲಸ. ಆದರೆ ಕವಡೆ ಎಣಿಸಲು ಮುಷ್ಟಿ ಬಿಚ್ಚಿಸಲೇಬೇಕು.