ಇಂದಿನ ಧಮ್ಮ ಚಿಂತನೆ: ಕೊನೆ ಗಳಿಗೆಯ ಕರೆ

 

ಹೈದರಾಬಾದಿನಲ್ಲಿ ಕೆಲಸಕ್ಕಿರುವ ನಮ್ಮ ಬಳಗದ ತಂಗಿಯೊಬ್ಬಳು ಕೇಳಿದ್ದಾಳೆ: “ಮದುವೆ ಮಾತಿನಲ್ಲಿ ಪರಿಚಯವಾದ ಹುಡುಗ ವಾರವೆಲ್ಲ ಸುಮ್ಮನಿರುತ್ತಾನೆ. ಭಾನುವಾರ ಸಂಜೆ ಆರಕ್ಕೆ ಮೆಸೇಜ್ ಹಾಕಿ, ಏಳಕ್ಕೆ ಊಟಕ್ಕೆ ಬಾ ಅಂತಾನೆ. ಹೋದರೆ ಹಗುರ ಆಗ್ತೀನಾ? ಹೋಗದಿದ್ದರೆ ಸೊಕ್ಕು ಅಂತಾರಾ?”

ಇದು ಹುಡುಗಾಟದ ಪ್ರಶ್ನೆ ಎಂದು ಹಿರಿಯರು ಪಕ್ಕಕ್ಕೆ ಸರಿಸಬಾರದು. ಊರ ಮದುವೆಗಳಲ್ಲಿ ಎಲ್ಲರ ಪಂಕ್ತಿ ಎದ್ದ ಮೇಲೆ ಕರೆಸಿಕೊಂಡು, ದೂರ ಕೂತು ಉಂಡವರು ನಮ್ಮ ಅಜ್ಜ ಅಜ್ಜಿಯರು. ತಡವಾಗಿ ಬಂದ ಕರೆ ಕೇಳಿದರೆ ನಮ್ಮ ಎದೆ ಚುರ್ ಎನ್ನುವುದು ಅದಕ್ಕೇ. ಆದರೆ ಆ ನೋವೊಂದನ್ನೇ ನಂಬಿ ತೀರ್ಮಾನ ಮಾಡಬಹುದೇ? ಭಗವಾನ್ ಬುದ್ಧರಿಗೂ ಊಟದ ಕರೆಗಳು ಬರುತ್ತಿದ್ದವು. ಅವರು ಹೇಗೆ ನಡೆದುಕೊಂಡರು ನೋಡೋಣ.

ಮೊದಲನೆಯದು ವೈಶಾಲಿಯ ಘಟನೆ. ಮಹಾಪರಿನಿಬ್ಬಾಣ ಸುತ್ತದಲ್ಲಿದೆ. ಗಣಿಕೆ ಅಂಬಪಾಲಿ ಬುದ್ಧರನ್ನೂ ಭಿಕ್ಖು ಸಂಘವನ್ನೂ ಮರುದಿನದ ಊಟಕ್ಕೆ ಕರೆದಳು. ಬುದ್ಧರು ಮೌನದಿಂದ ಒಪ್ಪಿದರು. ಆಮೇಲೆ ಲಿಚ್ಛವಿ ರಾಜಕುಮಾರರು ರಥ ಏರಿ ಬಂದು ಅದೇ ದಿನಕ್ಕೆ ಕರೆದರು. ಅಂಬಪಾಲಿಯ ಊಟಕ್ಕೆ ಒಪ್ಪಿಯಾಗಿದೆ ಎಂದರು ಬುದ್ಧರು. ಆ ಊಟದ ಅವಕಾಶ ತಮಗೆ ಬಿಟ್ಟುಕೊಟ್ಟರೆ ಲಕ್ಷ ಕೊಡುತ್ತೇವೆ ಎಂದು ಲಿಚ್ಛವಿಗಳು ದಾರಿಯಲ್ಲೇ ಅಂಬಪಾಲಿಗೆ ಹೇಳಿದ್ದರು. ಇಡೀ ವೈಶಾಲಿಯನ್ನೇ ಕೊಟ್ಟರೂ ಬಿಡೆ ಎಂದಿದ್ದಳು ಆಕೆ. ಪಾಠ ನೇರವಾಗಿದೆ: ಮೊದಲು ಕೊಟ್ಟ ಮಾತು ಮೊದಲು. ಸಂಜೆ ಗೆಳತಿಯ ಮನೆಗೆ ಬರುತ್ತೇನೆ ಎಂದಿದ್ದರೆ, ಅವ್ವನಿಗೆ ಫೋನ್ ಮಾಡುತ್ತೇನೆ ಎಂದಿದ್ದರೆ, ಎಷ್ಟು ದೊಡ್ಡವರು ಕರೆದರೂ ಅದನ್ನು ಮುರಿಯಬೇಡ.

ಎರಡನೆಯದು ವೇರಂಜದ ಘಟನೆ. ವಿನಯ ಪಿಟಕದ ಆರಂಭದಲ್ಲೇ ಬರುತ್ತದೆ. ಅಲ್ಲಿಯ ಬ್ರಾಹ್ಮಣನೊಬ್ಬ ಬುದ್ಧರನ್ನು ವರ್ಷಾವಾಸಕ್ಕೆ ಕರೆದು, ಮೂರು ತಿಂಗಳು ತಿರುಗಿ ನೋಡಲಿಲ್ಲ. ಊರಿನಲ್ಲಿ ಬರ. ಉತ್ತರಾಪಥದ ಕುದುರೆ ವ್ಯಾಪಾರಿಗಳು ಕೊಟ್ಟ ಒರಟು ಧಾನ್ಯವನ್ನು ಭಿಕ್ಖುಗಳು ಒರಳಿನಲ್ಲಿ ಕುಟ್ಟಿ ತಿಂದರು. ವರ್ಷಾವಾಸ ಮುಗಿದಾಗ ಬುದ್ಧರು ಸುಮ್ಮನೆ ಹೊರಟು ಹೋಗಲಿಲ್ಲ. ಆ ಬ್ರಾಹ್ಮಣನ ಮನೆಗೇ ಹೋಗಿ, ನೀನು ಕರೆದೆ, ನಾವಿದ್ದೆವು, ಈಗ ಹೊರಡುತ್ತೇವೆ ಎಂದರು. ಆತನಿಗೆ ತನ್ನ ಲೋಪ ಕಂಡಿತು. ಕೊಡಬೇಕಾದದ್ದು ಕೊಡಲಿಲ್ಲ, ಸಂಸಾರದ ಕೆಲಸಗಳಲ್ಲಿ ಮುಳುಗಿದೆ, ನಾಳೆ ಊಟಕ್ಕೆ ಬನ್ನಿ ಎಂದ. ಹೊರಡುವ ಹೊತ್ತಿನ ಕರೆ! ಬುದ್ಧರು ಒಪ್ಪಿದರು. ಮರುದಿನ ಉಂಡರು.

ಇಲ್ಲಿ ಎರಡು ಸಂಗತಿ ಗಮನಿಸಿ. ಬುದ್ಧರು ಮುನಿಸು ಇಟ್ಟುಕೊಳ್ಳಲಿಲ್ಲ. ಆಗಿದ್ದನ್ನು ಮುಚ್ಚಿಡಲೂ ಇಲ್ಲ, ಅವನೆದುರಿಗೇ ಹೇಳಿದರು. ಆತ ಲೋಪ ಒಪ್ಪಿದ, ಮನಸಾರೆ ಬಡಿಸಿದ. ತಡವಾದ ಕರೆಯೂ ಗೌರವದ ಕರೆಯಾಯಿತು. ನಮ್ಮ ಅಜ್ಜಂದಿರ ಕೊನೆ ಪಂಕ್ತಿಯಲ್ಲಿ ಅವಮಾನವಿದ್ದದ್ದು ಹೊತ್ತಿನಲ್ಲಿ ಅಷ್ಟೇ ಅಲ್ಲ, ಕೂರಿಸಿದ ಜಾಗದಲ್ಲಿ. ಆದ್ದರಿಂದ ತಂಗಿ, ಗಡಿಯಾರಕ್ಕಿಂತ ಹೆಚ್ಚಾಗಿ ನಿನ್ನನ್ನು ಎಲ್ಲಿ ಕೂರಿಸುತ್ತಿದ್ದಾನೆ ಎಂದು ನೋಡು.

ಅದನ್ನು ತಿಳಿಯುವುದು ಹೇಗೆ? ಸಿಗಾಲೋವಾದ ಸುತ್ತದಲ್ಲಿ ಬಾಯಿಮಾತಿನ ಗೆಳೆಯನ ಗುರುತು ಹೇಳಿದೆ: ಹಿಂದಿನದು ಮುಂದಿನದು ಚೆಂದಾಗಿ ಮಾತಾಡುತ್ತಾನೆ, ಈಗ ಕೆಲಸ ಬಿದ್ದಾಗ ಅಡಚಣೆ ಹೇಳುತ್ತಾನೆ. ಹಾಗಾದರೆ ತಿರುಗಿಸಿ ನೋಡು. ನಿನಗೆ ಜ್ವರ ಬಂದ ದಿನ, ರೂಮ್ ಬದಲಿಸುವ ದಿನ, ನೀನು ಕೊನೆ ಗಳಿಗೆಯಲ್ಲಿ ಕರೆದರೆ ಅವನು ಬರುತ್ತಾನೆಯೇ? ಬರುವವನಾದರೆ ಅವನ ಅವಸರದ ಕರೆ ಸಲುಗೆಯದು, ಕೆಲಸದ ಒತ್ತಡದ್ದು. ಬರದವನಾದರೆ ನೀನು ಅವನ ಖಾಲಿ ಸಂಜೆ ತುಂಬುವವಳು ಅಷ್ಟೇ. ಗಂಡ ಹೆಂಡತಿಯನ್ನು ಗೌರವಿಸಬೇಕು, ಕಡೆಗಣಿಸಬಾರದು ಎಂದು ಅದೇ ಸುತ್ತ ಹೇಳುತ್ತದೆ. ಆ ಗುಣ ತಾಳಿ ಕಟ್ಟಿದ ಮರುದಿನ ಹುಟ್ಟುವುದಿಲ್ಲ. ಈಗಲೇ ಕಾಣಬೇಕು.

ಇಂದಿನ ಅಭ್ಯಾಸ: ಅಂಥ ಕರೆ ಬಂದಾಗ ಮೂರು ಉಸಿರು ಗಮನಿಸಿ, ಆಮೇಲೆ ಉತ್ತರಿಸಿ. ಮಾತು ಕೊಟ್ಟಿದ್ದರೆ ‘ಇವತ್ತು ಆಗಲ್ಲ’ ಎನ್ನಿ. ತಲೆನೋವಿನ ಸುಳ್ಳು ಬೇಡ, ನಾಲ್ಕನೆಯ ಶೀಲ ನೆನಪಿರಲಿ. ಬಿಡುವೂ ಮನಸ್ಸೂ ಇದ್ದರೆ, ಮನೆಯವರಿಗೊಂದು ಮಾತು ಹೇಳಿ, ಸಂತೋಷದಿಂದ ಹೋಗಿ. ಹೋದಾಗ ಎದುರಿಗೇ ಹೇಳಿ: ‘ನಾಳೆಯಿಂದ ಒಂದು ದಿನ ಮುಂಚೆ ತಿಳಿಸು.’ ಆ ಮಾತಿಗೆ ಅವನು ಏನು ಮಾಡುತ್ತಾನೋ ಅದರಲ್ಲೇ ನಿಮಗೆ ಉತ್ತರವಿದೆ.

ಇನ್ನು ಹುಡುಗರಿಗೆ: ಕರೆಯುವವರು ನೀವಾದರೆ, ಎದುರಿನವರಿಗೂ ಒಂದು ದಿನವಿದೆ, ಅದರಲ್ಲಿ ಅವರದೇ ಕೆಲಸಗಳಿವೆ ಎಂದು ತಿಳಿದು ಕರೆಯಿರಿ.

ಎಲ್ಲರಿಗೂ ಮಂಗಳವಾಗಲಿ. ಸಾಧು, ಸಾಧು, ಸಾಧು.

ಬೌದ್ಧ ಅಧ್ಯಯನ ಬಳಗ, ಗೋರ್ಟಾ (ಬಿ)