ಸನ್ಯಾಸಿಗಳು ಹೋದ ಮೇಲೆ ಉಳಿದ ಮಠ

ಭೀಮಾ ದಂಡೆಯ ದೇವಣಗಾಂವ, ಸಿಂದಗಿ, ಇಂಡಿ, ಮುದ್ದೇಬಿಹಾಳ ಕಡೆಯಿಂದ ಗೋವೆಗೆ ಹೋಗುವವರಲ್ಲಿ ಎರಡು ಬಗೆ. ದುಡಿಯಲು ಹೋಗುವವರು ಒಂದು ಬಗೆ, ನೋಡಲು ಹೋಗುವವರು ಇನ್ನೊಂದು. ನೋಡಲು ಹೋಗುವವರ ಪಟ್ಟಿ ವರ್ಷ ವರ್ಷವೂ ಹೆಚ್ಚುಕಡಿಮೆ ಅದೇ: ಬೆಳಿಗ್ಗೆ ಮಂಗೇಶಿ, ಮಧ್ಯಾಹ್ನದೊಳಗೆ ಹಳೆ ಗೋವೆಯ ಚರ್ಚುಗಳು, ಹೊತ್ತು ಇಳಿಯುವಾಗ ಕಲಂಗುಟ್ ಸಮುದ್ರ. ಬಾಮ್ ಜೀಸಸ್ ಚರ್ಚಿನ ಬಾಗಿಲಲ್ಲಿ ಹಿರಿಯರೊಬ್ಬರಾದರೂ ನಿಂತು ಕೇಳುತ್ತಾರೆ: “ಚಪ್ಪಲಿ ಬಿಡಬೇಕೇನ್ರೀ?” ಬೇಕಿಲ್ಲ ಎಂದರೂ ಕೆಲವರು ಬಿಟ್ಟೇ ಒಳಗೆ ಹೋಗುತ್ತಾರೆ. ಅದು ಯಾರ ದೇವರ ಮನೆಯಾದರೇನು, ದೇವರ ಮನೆ ತಾನೆ?

ಅಲ್ಲಿಂದ ಪಶ್ಚಿಮಕ್ಕೆ, ನಡೆದೇ ಹೋಗಬಹುದಾದ ದೂರದಲ್ಲಿ ಮೋಂತೆ ಸಾಂತೊ ಎಂಬ ಗುಡ್ಡವಿದೆ. ಸೇಂಟ್ ಅಗಸ್ಟೀನ್ ಮಠದ ಅವಶೇಷ ಇರುವುದು ಅದರ ಮೇಲೆ. ಕೆಂಪು ಜಂಬಿಟ್ಟಿಗೆಯ ಅರ್ಧ ಗೋಪುರ 46 ಮೀಟರ್ ಎತ್ತರಕ್ಕೆ ನಿಂತಿದೆ. ಸುತ್ತ ಚಾವಣಿಯಿಲ್ಲದ ಗೋಡೆಗಳು, ನೆಲದಲ್ಲಿ ಸಮಾಧಿಕಲ್ಲುಗಳು. ವಿಜಯಪುರದವರಿಗೆ ಬಾರಾ ಕಮಾನ್ ನೆನಪಾಗುವುದು ಸಹಜ. ಆದರೆ ಬಾರಾ ಕಮಾನ್ ಮುಗಿಯದೆ ನಿಂತ ಕಟ್ಟಡ. ಇದು ಮುಗಿದು, ಎರಡು ಶತಮಾನಕ್ಕೂ ಹೆಚ್ಚು ಕಾಲ ಬಳಕೆಯಲ್ಲಿದ್ದು, ಆಮೇಲೆ ಬಿದ್ದದ್ದು. ಇಲ್ಲಿ ಆ ಹಿರಿಯರ ಪ್ರಶ್ನೆ ಕಠಿಣವಾಗುತ್ತದೆ. ಪೂಜೆ ನಿಂತು ಸುಮಾರು 190 ವರ್ಷವಾದ ಜಾಗ ಪವಿತ್ರವೋ ಅಲ್ಲವೋ? ಕೈ ಮುಗಿಯಬೇಕೋ, ಫೋಟೋ ತೆಗೆಯಬೇಕೋ?

ಹಳೆ ಗೋವೆ ಬಿಜಾಪುರಕ್ಕೆ, ಇಂದಿನ ವಿಜಯಪುರಕ್ಕೆ, ಪರಕೀಯವೇನಲ್ಲ. 1510ರ ನವೆಂಬರ್ 25ರಂದು ಅಫೊನ್ಸೊ ಡಿ ಅಲ್ಬುಕರ್ಕ್ ಗೆದ್ದುಕೊಳ್ಳುವವರೆಗೆ ಗೋವೆ ಆದಿಲ್‌ಶಾಹಿಗೆ ಸೇರಿತ್ತು. 1570ರಲ್ಲಿ ಮೊದಲನೆಯ ಅಲಿ ಆದಿಲ್‌ಶಾಹ ದೊಡ್ಡ ಸೈನ್ಯದೊಂದಿಗೆ ಬಂದು ಮುತ್ತಿಗೆ ಹಾಕಿದರೂ ಊರು ಮತ್ತೆ ಕೈಗೆ ಬರಲಿಲ್ಲ. ಆದಿಲ್‌ಶಾಹನ ಅರಮನೆಯಲ್ಲಿ ಪೋರ್ಚುಗೀಸ್ ವೈಸರಾಯಗಳು ಬಹುಕಾಲ ವಾಸವಿದ್ದರು. ಅದರ ಕರಿಕಲ್ಲಿನ ಬಾಗಿಲುವಾಡ ಒಂದು ಮಾತ್ರ ಸೇಂಟ್ ಕಜೆಟನ್ ಚರ್ಚಿನ ಎದುರು ಇಂದಿಗೂ ಇದೆ. ಬಸ್ಸಿನವರು ಅದನ್ನು ತೋರಿಸುವುದು ಅಪರೂಪ.

ಅಗಸ್ಟೀನ್ ಪಂಥದವರ ಈ ಮಠದ ಚರ್ಚು ಮುಗಿದದ್ದು 1602ರಲ್ಲಿ. ಅದನ್ನು ಕೆಡವಿದ್ದು ಶತ್ರುವಲ್ಲ, ಭೂಕಂಪವೂ ಅಲ್ಲ, ಲಿಸ್ಬನ್ನಿನ ಒಂದು ಸರ್ಕಾರಿ ಆಜ್ಞೆ. ಪೋರ್ಚುಗಲ್ಲಿನ ಅಂತರ್ಯುದ್ಧದಲ್ಲಿ ಗೆದ್ದ ಉದಾರವಾದಿಗಳು 1834ರ ಮೇ ತಿಂಗಳಲ್ಲಿ ಪುರುಷ ಸನ್ಯಾಸಿಗಳ ಪಂಥಗಳನ್ನೆಲ್ಲ ರದ್ದುಮಾಡಿ, ಮಠಗಳ ಆಸ್ತಿಯನ್ನು ಸರ್ಕಾರಕ್ಕೆ ಸೇರಿಸಿಕೊಂಡರು. ಆ ಕಾನೂನಿನ ಹಿಂದಿದ್ದ ಮಂತ್ರಿ ಜೊವಾಕಿಂ ಅಂತೋನಿಯೊ ಡಿ ಅಗಿಯಾರನಿಗೆ ಜನ ‘ಸನ್ಯಾಸಿಗಳ ಕೊಲೆಗಾರ’ ಎಂದೇ ಹೆಸರಿಟ್ಟರು. ಮರುವರ್ಷ ಆಜ್ಞೆ ಗೋವೆಗೂ ಬಂತು, ಮಠ ಖಾಲಿಯಾಯಿತು. ಏಳೇ ವರ್ಷದಲ್ಲಿ, 1842ರಲ್ಲಿ, ಚರ್ಚಿನ ಕಮಾನು ಚಾವಣಿ ಕುಸಿಯಿತು. 1931ರಲ್ಲಿ ಮುಂಭಾಗ ಮತ್ತು ಗೋಪುರದ ಅರ್ಧ ಬಿತ್ತು. ಅದಕ್ಕೂ ಮುಂಚೆಯೇ ಗೋಪುರದ ಗಂಟೆ ಆಗ್ವಾದ ಕೋಟೆಗೆ ಹೋಗಿ, 1871ರಲ್ಲಿ ಪಣಜಿಯ ಚರ್ಚು ಸೇರಿತು.

ಬಸವನ ಬಾಗೇವಾಡಿ ಸೀಮೆಯವರ ಬಾಯಿಗೆ ಇಲ್ಲಿ ಮೊದಲು ಬರುವುದು ಬಸವಣ್ಣನವರ ಸ್ಥಾವರ–ಜಂಗಮದ ಮಾತು. ಕಟ್ಟಿದ್ದು ಬೀಳುತ್ತದೆ, ನಡೆದಾಡುವುದು ಉಳಿಯುತ್ತದೆ ಎಂದುಕೊಂಡು ಗುಡ್ಡ ಇಳಿಯಬಹುದು. ಆದರೆ ಮೋಂತೆ ಸಾಂತೊದಲ್ಲಿ ನಡೆದದ್ದು ಅಷ್ಟು ಸಲೀಸಾಗಿ ಈ ಮಾತಿಗೆ ಒಗ್ಗುವುದಿಲ್ಲ. ಇಲ್ಲಿ ಮೊದಲು ಹೋದದ್ದು ಜಂಗಮ. ನಿಯಮ ಹಿಡಿದು ಬದುಕುತ್ತಿದ್ದ ಜನರನ್ನು ಹೊರಗೆ ಹಾಕಿದ ಮೇಲೆ, ಮಳೆಗಾಲದ ಮುಂಚೆ ಚಾವಣಿಯ ಬಿರುಕು ಮುಚ್ಚುವ ಕೈ ಇಲ್ಲದೆ, ಕಲ್ಲು ಬಿತ್ತು. ಸ್ಥಾವರವನ್ನು ಅಷ್ಟು ಕಾಲ ನಿಲ್ಲಿಸಿದ್ದೇ ಜಂಗಮ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಅದೇ ದಿನ ಬೆಳಿಗ್ಗೆ ನೋಡಿದ ಮಂಗೇಶಿಯ ಕಥೆ ತಿರುವುಮುರುವು. ಆ ಗುಡಿಯ ಲಿಂಗದ ಮೂಲ ಸ್ಥಾನ ಜುವಾರಿ ದಂಡೆಯ ಕುಶಸ್ಥಳಿ, ಇಂದಿನ ಕೊರ್ಟಾಲಿಂ. 1560ರ ಹೊತ್ತಿಗೆ ಪೋರ್ಚುಗೀಸರ ಆಳ್ವಿಕೆಯಲ್ಲಿ ಗುಡಿಗಳು ಉರುಳತೊಡಗಿದಾಗ, ಭಕ್ತರು ದೇವರನ್ನು ಹೊತ್ತುಕೊಂಡು ಅವರ ಗಡಿಯಾಚೆಯ ಪ್ರಿಯೋಳಕ್ಕೆ ತಂದರು. ಗೋವೆಯಲ್ಲಿ ಚರ್ಚಿನ ಮತವಿಚಾರಣೆಯಾದ ಇನ್‌ಕ್ವಿಸಿಷನ್ ಶುರುವಾದದ್ದೂ ಅದೇ 1560ರಲ್ಲಿ. ಕದಲಬಾರದ ಲಿಂಗ ಜನರ ಹೆಗಲೇರಿ ನಡೆಯಿತು, ಪೂಜೆ ತಪ್ಪಲಿಲ್ಲ. ಲೋಕ ತಿರುಗಿ ಬಂದ ಸನ್ಯಾಸಿಗಳ ಮನೆ ಬಯಲಾಯಿತು. ಒಂದೇ ಟಿಕೆಟ್ಟಿನ ಪ್ರವಾಸದಲ್ಲಿ ಇವೆರಡನ್ನೂ ನೋಡಿದವರು ಸ್ಥಾವರ ಯಾವುದು, ಜಂಗಮ ಯಾವುದು ಎಂದು ಗೆರೆ ಎಳೆದು ಹೇಳುವ ಮುನ್ನ ತುಸು ತಡೆಯುತ್ತಾರೆ.

ಹಾಗಿದ್ದರೆ ಪ್ರವಾಸಿಯಾಗಿ ಬಂದವರು ಏನು ಮಾಡಬೇಕು? ಭಕ್ತಿಯ ಸಾಲ ಅವರ ಮೇಲಿಲ್ಲ. ಅಗಸ್ಟೀನನ ನಿಯಮ ಅವರದಲ್ಲ, ಆ ಪ್ರಾರ್ಥನೆ ಅವರ ನಾಲಿಗೆಗೆ ಗೊತ್ತಿಲ್ಲ. ಇದ್ದಂತೆ ನಟಿಸುವುದು ಬೂಟಾಟಿಕೆಯಾದೀತು. ಅವರು ಕೊಡಬಹುದಾದದ್ದು ಗಮನ. ಮಠವೆಂದರೆ ಗುಡಿಯಲ್ಲ, ಜನ ಕೂಡಿ ಬದುಕಿದ ಮನೆ. ನಮ್ಮ ಕಡೆ ಯಾವ ಮಠಕ್ಕೆ ಹೋದರೂ ಅಡಿಗೆ ಮನೆ ಎಲ್ಲಿ, ದಾಸೋಹಕ್ಕೆ ಜೋಳ ಎಲ್ಲಿಂದ ಬರುತ್ತದೆ, ಹೊಲ ಎಷ್ಟು, ಓದುವ ಹುಡುಗರು ಎಷ್ಟು ಎಂದು ಹಿರಿಯರು ವಿಚಾರಿಸುತ್ತಾರೆ. ಪೋರ್ಚುಗೀಸ್ ಮಠದ ಮುಂದೆಯೂ ಅದನ್ನೇ ಕೇಳಬೇಕು. ಇವರಿಗೆ ಅನ್ನ ಹಾಕಿದವರು ಯಾರು?

ಈ ಪ್ರಶ್ನೆ ಹಿಡಿದು ಹೊರಟರೆ ದಾರಿ ಲಿಸ್ಬನ್ನಿಗೆ ಹೋಗಿ, ಮಲೆನಾಡಿಗೇ ಮರಳುತ್ತದೆ. ಲಿಸ್ಬನ್ನಿನ ಜೆರೋನಿಮಸ್ ಮಠವನ್ನು ಇಂದು ಜಗತ್ತಿನ ಪ್ರವಾಸಿಗಳು ಸರತಿಯಲ್ಲಿ ನಿಂತು ನೋಡುತ್ತಾರೆ. ವಾಸ್ಕೊ ಡ ಗಾಮನ ಸಮಾಧಿ ಇರುವುದು ಅಲ್ಲಿಯೇ. 1501ರಲ್ಲಿ ಮೊದಲನೆಯ ಮನುವೆಲ್ ದೊರೆ ಆರಂಭಿಸಿದ ಆ ಕೆಲಸಕ್ಕೆ ಹಣ ಬಂದದ್ದು ಆಫ್ರಿಕಾ ಮತ್ತು ಪೂರ್ವದೇಶಗಳ ವ್ಯಾಪಾರದ ಮೇಲಿನ ಶೇ. 5ರ ಕರದಿಂದ. ಆ ಕರಕ್ಕೆ ಅವರು ಇಟ್ಟ ಹೆಸರಲ್ಲೇ ಮೆಣಸು ಇದೆ. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದದ್ದು ಅದೇ ಶತಮಾನದಲ್ಲಿ. ನಮ್ಮ ಪಶ್ಚಿಮ ಕರಾವಳಿಯ ಮೆಣಸಿನ ಖಾರ ಆ ಸುಂದರ ಕಂಬಗಳಲ್ಲಿ ಎಷ್ಟೋ ಸೇರಿದೆ. ದೊರೆಯ ಆತ್ಮಕ್ಕೂ ಸಮುದ್ರಕ್ಕಿಳಿಯುವ ನಾವಿಕರಿಗೂ ಪ್ರಾರ್ಥಿಸುವುದು ಅಲ್ಲಿನ ಸನ್ಯಾಸಿಗಳ ಕೆಲಸವಾಗಿತ್ತು. ಪಂಥಗಳನ್ನು ರದ್ದುಮಾಡಿದ ಅದೇ ಅಲೆಯಲ್ಲಿ ಅವರೂ ಹೋದರು. ಕಟ್ಟಡ ಮಾತ್ರ ಬೀಳಲಿಲ್ಲ. ಯಾಕೆಂದರೆ ಅದನ್ನು ಅನಾಥ ಮಕ್ಕಳ ಸಂಸ್ಥೆಯೊಂದಕ್ಕೆ ಕೊಟ್ಟರು, ಸನ್ಯಾಸಿಗಳು ಓಡಾಡಿದ ಜಾಗದಲ್ಲಿ ಹುಡುಗರು ಓಡಾಡಿದರು.

ಗೋವೆಯಲ್ಲೂ ಇದಕ್ಕೆ ಜೋಡಿಯಿದೆ. ಅಗಸ್ಟೀನ್ ಗೋಪುರದ ಮಗ್ಗುಲಲ್ಲೇ ಸಾಂತಾ ಮೋನಿಕಾ, 1606ರಲ್ಲಿ ಶುರುವಾಗಿ 1627ರಲ್ಲಿ ಮುಗಿದ ಸನ್ಯಾಸಿನಿಯರ ಮಠ. ಅವರನ್ನು ಹೊರಗೆ ಹಾಕಲಿಲ್ಲ, ಹೊಸಬರನ್ನು ಸೇರಿಸಿಕೊಳ್ಳಬಾರದು ಎಂದರು. ಕೊನೆಯ ಸನ್ಯಾಸಿನಿ 1885ರಲ್ಲಿ ತೀರಿಕೊಂಡರು. ಒಬ್ಬೊಬ್ಬರನ್ನೇ ಕಳೆದುಕೊಳ್ಳುತ್ತ ಅಷ್ಟು ದೊಡ್ಡ ಮನೆಯಲ್ಲಿ ಅರ್ಧ ಶತಮಾನ ಪ್ರಾರ್ಥನೆ ನಡೆದದ್ದು ಹೊರಹಾಕುವುದಕ್ಕಿಂತ ಕ್ರೂರವೋ ಏನೋ. ಆದರೆ ಆ ಕಟ್ಟಡ ಗಟ್ಟಿಯಾಗಿದೆ. 1964ರಿಂದ ಸನ್ಯಾಸಿನಿಯರು ಓದುವ ಮಾತರ್ ದೇಯಿ ಸಂಸ್ಥೆ ಅಲ್ಲಿದೆ, ಕ್ರೈಸ್ತ ಕಲೆಯ ವಸ್ತುಸಂಗ್ರಹಾಲಯವೂ ಇದೆ.

ಪವಿತ್ರತೆ ಗೋಡೆಯಲ್ಲಿಲ್ಲ, ಬದುಕಿನಲ್ಲಿದೆ ಎಂದು ಇಲ್ಲಿಗೆ ಮುಗಿಸಬಹುದಿತ್ತು. ಅಡ್ಡ ಬರುವುದು ಒಂದು ಎಲುಬು. ಜಾರ್ಜಿಯಾ ದೇಶದ ರಾಣಿ ಕೇಟೆವಾನ್ ಮತ ಬಿಡಲು ಒಪ್ಪದೆ 1624ರಲ್ಲಿ ಇರಾನಿನ ಶೀರಾಜ್‌ನಲ್ಲಿ ಚಿತ್ರಹಿಂಸೆಗೆ ಬಲಿಯಾದಳು. ಅಗಸ್ಟೀನ್ ಸನ್ಯಾಸಿಗಳು ಅವಳ ಅಸ್ಥಿಯ ಭಾಗವನ್ನು ಗೋವೆಗೆ ತಂದು ಈ ಮಠದಲ್ಲಿಟ್ಟರು. ಚಾವಣಿ ಬಿದ್ದ ಮೇಲೆ ಅದು ಮಣ್ಣಲ್ಲಿ ಮರೆಯಾಯಿತು. ಪುರಾತತ್ವ ಇಲಾಖೆ ಹಳೆಯ ಪೋರ್ಚುಗೀಸ್ ದಾಖಲೆಯ ಜಾಡು ಹಿಡಿದು ಅಗೆಯಿತು; ಹೈದರಾಬಾದಿನ ಸಿಸಿಎಂಬಿ ಪ್ರಯೋಗಾಲಯ ಡಿಎನ್‌ಎ ಪರೀಕ್ಷೆ ಮಾಡಿತು. 2021ರ ಜುಲೈನಲ್ಲಿ ವಿದೇಶಾಂಗ ಸಚಿವ ಎಸ್. ಜೈಶಂಕರ್ ಅದನ್ನು ಜಾರ್ಜಿಯಾಕ್ಕೆ ಒಪ್ಪಿಸಿದರು. ಪ್ರಯೋಗಾಲಯದಲ್ಲಿ ಮಾದರಿಯಾಗಿದ್ದದ್ದು ಟಿಬಿಲಿಸಿಯಲ್ಲಿ ಮತ್ತೆ ಸಂತಳ ಅವಶೇಷವಾಯಿತು. ಪ್ರವಾಸಿಯ ಕಣ್ಣಿಗೆ ಬರಿ ಕಲ್ಲುಗುಡ್ಡೆಯಾಗಿ ಕಂಡದ್ದು ಇನ್ನಾರಿಗೋ ದೇವರ ಮನೆಯಾಗಿಯೇ ಇತ್ತು.

ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿ ಅಸ್ಥಿಯನ್ನು ಹೀಗೆ ಕಾಪಿಡುವುದಕ್ಕೆ ಪೂರಾ ವಿರುದ್ಧ ದಿಕ್ಕು ಹಿಡಿದವರು. 2014ರಲ್ಲೇ ಬರೆದಿಟ್ಟ ಪತ್ರದಲ್ಲಿ ದೇಹವನ್ನು ಹೂಳದೆ ಸುಡಬೇಕು, ಸ್ಮಾರಕ ಕಟ್ಟಬಾರದು ಎಂದಿದ್ದರು. 2023ರ ಜನವರಿ 2ರಂದು ಅವರು ಲಿಂಗೈಕ್ಯರಾದಾಗ ಹಾಗೆಯೇ ಸುಟ್ಟು, ಅಸ್ಥಿಯನ್ನು ನೀರಿಗೆ ಬಿಡಲಾಯಿತು. ಬಾಮ್ ಜೀಸಸ್‌ನ ಬೆಳ್ಳಿ ಪೆಟ್ಟಿಗೆಯಲ್ಲೋ, 1552ರಲ್ಲಿ ಚೀನಾ ತೀರದಲ್ಲಿ ಮಡಿದ ಸಂತ ಫ್ರಾನ್ಸಿಸ್ ಝೇವಿಯರ್‌ನ ಶರೀರವಿದೆ. 2024ರ ನವೆಂಬರಿನಿಂದ 2025ರ ಜನವರಿವರೆಗೆ ಅದರ ದರ್ಶನಕ್ಕೆ ಜನ ಕಿಕ್ಕಿರಿದರು. ಇವೆರಡರಲ್ಲಿ ಯಾವುದು ಸರಿ ಎಂದು ತೂಗುವುದಕ್ಕೆ ಪ್ರವಾಸಿಯ ತಕ್ಕಡಿ ಸಾಲದು.

ಆದ್ದರಿಂದ ಗೋವೆಗೆ ಗಾಡಿ ಕಟ್ಟುವವರಲ್ಲಿ ಒಂದು ಕೋರಿಕೆ. ಬಾಮ್ ಜೀಸಸ್ ನೋಡಿದ ಕೂಡಲೇ ಬೀಚಿಗೆ ತಿರುಗಿಸಬೇಡಿ. ಮೋಂತೆ ಸಾಂತೊಗೆ ಒಂದು ತಾಸು ಇಡಿ, ಸಮಾಧಿಕಲ್ಲುಗಳನ್ನು ತುಳಿಯದೆ ಸುತ್ತು ಹಾಕಿ, ಸಾಂತಾ ಮೋನಿಕಾದ ಒಳಗೂ ಹೋಗಿ ಬನ್ನಿ. ಗೈಡ್ ಕಟ್ಟಡದ ಎತ್ತರ ಹೇಳಿ ಮುಗಿಸಿದರೆ, ಇಲ್ಲಿದ್ದವರು ಏನು ಉಣ್ಣುತ್ತಿದ್ದರು, ಅದಕ್ಕೆ ಯಾರ ಹೊಲ ದುಡಿಯುತ್ತಿತ್ತು ಎಂದು ಕೇಳಿ.